ಪರಮೇಶ್ವರಪ್ಪನವರ ಡಬಲ್ ಡಬ್ಬ

ಸುಮನಾಳ ಅಂಗಡಿಯಿಂದ ಹೊರಟ ಎರಡನೆಯ ಎಂಬ್ರಾಯ್ಡರಿ ಮಷಿನ್ನೂ ದಾರಿಯಲ್ಲಿ ಕೈಕಾಲು ಮುರಿದುಕೊಂಡೇ ಗಿರಾಕಿಯ ಮನೆ ಮುಟ್ಟಿತು. ಗಿರಾಕಿಯ ಫೋನು ಬಂದ ದಿನವೇ ಅವಳು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಅಂಗಡಿಗೆ ಬೀಗ ಹಾಕಿ ಭದ್ರಾವತಿಯ ಬಸ್ಸು ಹತ್ತಿದಳು. ಜನ್ನಾಪುರದಲ್ಲಿ ಇಳಿದು ನೇರವಾಗಿ ದೊಡ್ಡಪ್ಪನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, "ದೊಡ್ಡಪ್ಪ, ನಂಗೆ ಪ್ಯಾಕ್ ಮಾಡೋದು ಹೇಳ್ಕೊಡಿ" ಅಂದಳು.

ಈ ಮಾತಿಗಾಗಿ ಪರಮೇಶ್ವರಪ್ಪನವರು ನಿವೃತ್ತರಾದಾಗಿನಿಂದ ಒಂಬತ್ತು ವರ್ಷ ಕಾಯುತ್ತಿದ್ದರು ಅಂದರೆ ತಪ್ಪಾಗಲಾರದು. ಊರಿನ ಕಾಗದದ ಕಾರ್ಖಾನೆಯಲ್ಲಿ, ಮಾಲು ಕಟ್ಟಿ ಹೊರಗೆ ಕಳಿಸುವ ವಿಭಾಗದಲ್ಲಿ, ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು ಅವರು. ನಿವೃತ್ತಿಯ ಮೇಲೆ ಕಟ್ಟಲು ಏನೂ ಇಲ್ಲದೆ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟತೊಡಗಿದ್ದರು. ರೈಲಿನಲ್ಲಿ ಬೆಂಗಳೂರಿಗೆ ಹೊರಟರೆ ಬುತ್ತಿ ಅವರದೇ. ಚಪಾತಿಗೆ ಬಾಳೆಎಲೆ, ಅದರ ಮೇಲೆ ಕಾಗದ, ಅದರ ಮೇಲೆ ಪ್ಲಾಸ್ಟಿಕ್ಕು, ಎಲ್ಲದರ ಮೇಲೆ ಹುರಿ. ಅರಸೀಕೆರೆಯಲ್ಲಿ ಬಿಚ್ಚಲು ಶುರುಮಾಡಿದರೆ ಬಾಯಿಗೆ ಬೀಳುವುದು ಯಶವಂತಪುರದಲ್ಲಿ. ಮಗಳು ಸ್ಪಂದನಾ ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವಾಗ ಅವರು ಕಟ್ಟಿಕೊಟ್ಟ ತುಪ್ಪದ ಡಬ್ಬಿಯನ್ನು, ಮಗು ಶಾಲೆಗೆ ಸೇರಿದ ವರ್ಷ ತೆರೆಯಲಾಯಿತು ಎಂದು ಅವರ ಹೆಂಡತಿ ಮಹಾಂತಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಮಗು ಆಗ ಅಂಗನವಾಡಿಯಲ್ಲಿತ್ತು.

ಸುಮನಾ ಅವರ ತಮ್ಮನ ಮಗಳು. ಹೊಲಿಗೆ ಮಷಿನ್ನಿನಷ್ಟೇ ದೊಡ್ಡದಾದ, ಬದಿಗೊಂದು ಪುಟ್ಟ ಪರದೆ ಇರುವ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ನುಗಳ ವ್ಯಾಪಾರ ಅವಳದು. ಹಳೆಯದನ್ನು ಕೊಂಡು ತಂದು, ಬಿಚ್ಚಿ, ಸವೆದದ್ದನ್ನು ಬದಲಿಸಿ, ಎಣ್ಣೆ ಬಿಟ್ಟು, ಊರೂರಿನ ಟೈಲರ್ ಹೆಂಗಸರಿಗೆ ಮಾರುತ್ತಿದ್ದಳು. ಹಳೆಯದಾದ್ದರಿಂದ ಕಂಪನಿಯ ಥರ್ಮಾಕೋಲು, ಡಬ್ಬ ಯಾವುದೂ ಇರುತ್ತಿರಲಿಲ್ಲ.

"ಒಳಗೆ ಏನು ತುಂಬಿದ್ದೆ?" ಪರಮೇಶ್ವರಪ್ಪನವರು ಕುರ್ಚಿ ಎಳೆದುಕೊಂಡು ವಿಚಾರಣೆ ಶುರುಮಾಡಿದರು.

"ಪೇಪರ್, ದೊಡ್ಡಪ್ಪ. ಉಂಡೆ ಮಾಡಿ ತುಂಬಿದ್ದೆ."

"ಉಂಡೆ ಮಾಡಿದ ಪೇಪರು ಊರಾಚೆ ಮಲವಗೊಪ್ಪದವರೆಗೆ ಉಂಡೆ. ಅಲ್ಲಿಂದ ಮುಂದೆ ದೋಸೆ. ಸೂಜಿ ಬಿಚ್ಚಿದ್ಯಾ?"

"ಇಲ್ಲ."

"ಬಟ್ಟೆ ರಿಂಗು ಹಿಡ್ಕೊಂಡು ಓಡಾಡುತ್ತಲ್ಲ, ಆ ತೋಳು?"

"ಅದೂ ಅಲ್ಲೇ ಇತ್ತು."

ಪರಮೇಶ್ವರಪ್ಪನವರು ಕಣ್ಣು ಮುಚ್ಚಿಕೊಂಡರು. ಸತ್ತವರ ಮನೆಯಲ್ಲಿ ಕೂತಂತಿತ್ತು ಮುಖ.

ಒಳಗಿನಿಂದ ಮಹಾಂತಮ್ಮ ಕಾಫಿ ತಂದರು. "ಸುಮನಾ, ಕಾಫಿ ಕುಡ್ದು ಬೇಗ ಹೊರಡು. ಇನ್ನೊಂದು ಗಂಟೆ ಕೂತ್ರೆ ನಿನ್ನನ್ನೂ ಹುರಿ ಹಾಕಿ ಕಟ್ಟಿ ಬಸ್ ಟಾಪಿನ ಮೇಲೆ ಇಡ್ತಾರೆ."

"ನೀನು ಸುಮ್ನಿರು ಮಾರಾಯ್ತಿ. ಇದು ತಮಾಷೆ ವಿಷಯ ಅಲ್ಲ."

ತಮಾಷೆಯ ವಿಷಯ ಅಲ್ಲವೇ ಅಲ್ಲ. ಮೂರನೆಯ ಮಷಿನ್ನು ಪಾವಗಡದ ಕರಿಯಮ್ಮನಿಗೆ ಹೋಗಬೇಕಿತ್ತು. ಆಕೆ ಸ್ವಸಹಾಯ ಸಂಘದ ನಾಲ್ಕು ಹೆಂಗಸರ ಜೊತೆ ಸೇರಿ, ಒಂದು ಶಾಲೆಯ ಅರವತ್ತು ಮಕ್ಕಳ ಅಂಗಿಯ ಜೇಬಿಗೆ ಲಾಂಛನ ಹಾಕಿಕೊಡಲು ಒಪ್ಪಿಕೊಂಡಿದ್ದಳು. ಮುಂದಿನ ವಾರದ ಶನಿವಾರವೇ ಶಾಲೆಯ ವಾರ್ಷಿಕೋತ್ಸವ. ಇದೂ ಒಡೆದರೆ ಅಂಗಡಿಯ ಹೆಸರು ಉಳಿಯುವಂತಿರಲಿಲ್ಲ.

ಮರುದಿನದಿಂದ ಪರಮೇಶ್ವರಪ್ಪನವರು ಡ್ಯೂಟಿಗೆ ಹೋಗುವಂತೆ ಇಸ್ತ್ರಿ ಅಂಗಿ ತೊಟ್ಟು ದಿನಾ ಶಿವಮೊಗ್ಗಕ್ಕೆ ಹೊರಟರು. ಮಷಿನ್ನಿನ ಸೂಜಿ, ಬಟ್ಟೆ ಒತ್ತಿ ಹಿಡಿಯುವ ಪಾದ, ದಾರದ ಬಾಬಿನ್ನು ಬಿಚ್ಚಿಸಿ ಒಂದು ಡಬ್ಬಿಗೆ ಹಾಕಿಸಿದರು. ತೋಳನ್ನು ಮೊದಲು ಪರದೆಯ ಗುಂಡಿ ಒತ್ತಿ ಅದರ ಮೂಲೆಗೆ ನಿಲ್ಲಿಸಿ, ಆಮೇಲೆ ಕಳಚಿ, ಬೇರೆಯಾಗಿ ಸುತ್ತಿಸಿದರು. ಗುಂಡಿ ಒತ್ತುವ ಕೆಲಸ ಸುಮನಾಳದು. ಆ ಪರದೆಯನ್ನು ಕಂಡರೆ ಅವರಿಗೆ ಒಳಗೊಳಗೇ ಹೆದರಿಕೆ. ಪರದೆಯ ಮೇಲೆ ಮೆತ್ತನೆಯ ಹಾಳೆ, ಅದರ ಮೇಲೆ ರಟ್ಟು. ಸೂಜಿ ಹಿಡಿಯುವ ಕಂಬಿ ಅಲ್ಲಾಡದ ಹಾಗೆ ಸ್ಪಂಜಿನ ತುಂಡು. ಮಷಿನ್ನಿನ ಉಬ್ಬು ತಗ್ಗು ಅಳೆದು ಫೋಮು ಕತ್ತರಿಸಿ, ಬಿಗಿಯಾದ ಸಣ್ಣ ಡಬ್ಬದೊಳಗೆ ಕೂರಿಸಿ, ಆ ಡಬ್ಬವನ್ನು ಐದು ಪದರ ರಟ್ಟಿನ ದೊಡ್ಡ ಡಬ್ಬದೊಳಗೆ ಇಳಿಸಿ, ಸುತ್ತ ಎರಡೆರಡು ಬೆರಳು ಫೋಮು ತುಂಬಿದರು.

"ಡಬಲ್ ಡಬ್ಬ" ಅಂದರು. "ಹೊರಗಿಂದು ಪೆಟ್ಟು ತಿನ್ನೋಕೆ. ಒಳಗಿಂದು ಸುದ್ದಿ ಗೊತ್ತಾಗದೆ ಇರೋಕೆ."

ಸುಮನಾ ತೃಪ್ತಿಯಿಂದ ವಿಳಾಸದ ಚೀಟಿ ತೆಗೆದಳು. ದೊಡ್ಡಪ್ಪ ಕೈ ಅಡ್ಡ ಹಿಡಿದರು. "ಈಗ್ಲೇ ಅಲ್ಲ. ಮೊದಲು ಎತ್ತಿ ಹಾಕಿ ನೋಡ್ಬೇಕು."

"ಏನನ್ನ?"

"ಇದನ್ನೇ. ಮೊಣಕಾಲೆತ್ತರದಿಂದ ಒಂದ್ಸಲ, ಸೊಂಟದೆತ್ತರದಿಂದ ಒಂದ್ಸಲ, ಮೂಲೆ ಮೇಲೆ ಒಂದ್ಸಲ."

ಸುಮನಾ ಡಬ್ಬವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. "ದಾರಿಯವರು ಒಡೆಯೋದು ಸಾಲ್ದು ಅಂತ ನಾವೇ ಒಡೆಯೋದಾ? ಆಗಲ್ಲ ದೊಡ್ಡಪ್ಪ. ಬೇಕಾದ್ರೆ ನಿಮ್ಮನೆಯಿಂದ ಏನಾದ್ರೂ ತಂದು ಎತ್ತಿ ಹಾಕಿ."

ಅವಳು ಸಿಟ್ಟಿನಲ್ಲಿ ಆಡಿದ ಮಾತನ್ನು ಅವರು ಸಲಹೆ ಎಂದು ತೆಗೆದುಕೊಂಡರು. ಮಹಾಂತಮ್ಮ ಹಿಂದಿನ ದಿನವಷ್ಟೇ ತಂಗಿಯ ಮೊಮ್ಮಗನ ನಾಮಕರಣಕ್ಕೆಂದು ದಾವಣಗೆರೆಗೆ ಹೋಗಿದ್ದರು. ಬರುವುದು ಸೋಮವಾರ ಸಂಜೆ. ಅಡುಗೆಮನೆಯ ಕಟ್ಟೆಯ ಮೇಲೆ, ಹೂವಿನ ಟವೆಲ್ಲು ಹೊದ್ದು, ಅವರ ಟೇಬಲ್ ಗ್ರೈಂಡರ್ ಕೂತಿತ್ತು. ಸ್ಪಂದನಾ ಕೊಡಿಸಿದ್ದು. ಅದನ್ನು ಮುಟ್ಟುವ ಹಕ್ಕು ಆ ಮನೆಯಲ್ಲಿ ಒಬ್ಬರಿಗೇ. ಪರಮೇಶ್ವರಪ್ಪನವರು ಎತ್ತಿ ನೋಡಿದರು. ಮಷಿನ್ನಿನಷ್ಟೇ ತೂಕ. ಒಳಗೆ ಉರುಳುವ ಗುಂಡುಕಲ್ಲು ಬೇರೆ. ಸುಮ್ಮನೆ ಕೂರುವ ಜಾತಿಯ ವಸ್ತುವಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಅನ್ನಿಸಿತು.

ಶನಿವಾರ ಬೆಳಿಗ್ಗೆ ಸುಮನಾಳ ಅಂಗಡಿಯಲ್ಲಿ ಗ್ರೈಂಡರ್ ಎರಡು ಡಬ್ಬದೊಳಗೆ ಸೇರಿ, ಮೂರು ಸಲ ನೆಲಕ್ಕೆ ಬಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯವರು ಜಗಳವೇನೋ ಎಂದು ಇಣುಕಿ ಹೋದರು. ಬಿಚ್ಚಿ ನೋಡಿದರೆ ಗ್ರೈಂಡರಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ವೈರು ಸಿಕ್ಕಿಸಿದರೆ ಗುರ್ ಎಂದು ತಿರುಗಿತು. ಪರಮೇಶ್ವರಪ್ಪನವರು ವೈರು ಕಿತ್ತು ಸುತ್ತಿಟ್ಟರು. ಸುಮನಾಳ ಮುಖ ನೋಡಿದರು, ಅಷ್ಟೇ. ಮೂವತ್ತೊಂದು ವರ್ಷದ ಸರ್ವೀಸು ಆ ನೋಟದಲ್ಲಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗ್ರೈಂಡರನ್ನು ಮನೆಗೆ ಒಯ್ಯಲು ಅವರು ಮತ್ತೆ ಅದನ್ನು ಅಷ್ಟೇ ಶ್ರದ್ಧೆಯಿಂದ ಎರಡು ಡಬ್ಬದೊಳಗೆ ಕಟ್ಟಿದರು. ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಲದೇ ಎಂದು ಸುಮನಾ ಕೇಳಿದ್ದಕ್ಕೆ, "ಬಸ್ಸಲ್ಲಿ ಯಾರಾದ್ರೂ ಕಾಲು ಇಟ್ರೆ ನಿನ್ನ ದೊಡ್ಡಮ್ಮಂಗೆ ನೀನು ಉತ್ತರ ಕೊಡ್ತೀಯಾ?" ಅಂದರು. ಕಟ್ಟಿ ಮುಗಿಸಿ ಎರಡು ಡಬ್ಬಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದೇ ಅಳತೆ, ಒಂದೇ ತೂಕ, ಟೇಪೂ ಒಂದೇ ನೇರ. ಕಣ್ಣು ತುಂಬಿ ಬಂತು.

ಸುಮನಾ ಆಗ ಬೀರೂರಿನಿಂದ ಬಂದ ಇಬ್ಬರಿಗೆ ಮಷಿನ್ನು ತೋರಿಸುತ್ತಿದ್ದಳು. ಪಾರ್ಸೆಲ್ ಆಫೀಸು ಮುಚ್ಚುವ ಹೊತ್ತಾಗುತ್ತಿತ್ತು. ಚೀಟಿ ಅಂಟಿಸುವ ಮೊದಲು ಪರಮೇಶ್ವರಪ್ಪನವರು ಕನ್ನಡಕಕ್ಕಾಗಿ ಜೇಬು ತಡಕಿದರು. ಇರಲಿಲ್ಲ. ಹಣೆಯ ಮೇಲೆ ನೋಡಿಕೊಂಡರು. ಅಲ್ಲೂ ಇರಲಿಲ್ಲ. ಎಲ್ಲೋ ಇಟ್ಟಿರಬೇಕು, ಆಮೇಲೆ ಹುಡುಕಿದರಾಯಿತು, ತಾನೇ ಕಟ್ಟಿದ ಡಬ್ಬಗಳಲ್ಲಿ ಯಾವುದು ಯಾವುದೆಂದು ತನಗೆ ಗೊತ್ತಾಗದೇ ಎಂದುಕೊಂಡು ಎಡಗಡೆಯ ಡಬ್ಬಕ್ಕೆ ಚೀಟಿ ಅಂಟಿಸಿ, ಆಟೋದಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟು ಬಂದರು. ಬಲಗಡೆಯದನ್ನು ಮಡಿಲಲ್ಲಿ ಇಟ್ಟುಕೊಂಡು ಭದ್ರಾವತಿಯ ಬಸ್ಸಿನಲ್ಲಿ ಕೂತರು. ಭಾನುವಾರವೆಲ್ಲ ಕನ್ನಡಕ ಹುಡುಕುವುದರಲ್ಲೇ ಕಳೆಯಿತು. ಡಬ್ಬ ಅಡುಗೆಮನೆಯಲ್ಲಿ ಕಟ್ಟಿದ ಹಾಗೆಯೇ ಇತ್ತು. ಸೋಮವಾರ ಮಧ್ಯಾಹ್ನ ಬಿಚ್ಚಿ, ಗ್ರೈಂಡರಿಗೆ ಟವೆಲ್ಲು ಹೊದಿಸಿದರೆ ಮುಗಿಯಿತು, ಹೆಂಡತಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ.

ಮಹಾಂತಮ್ಮ ಸೋಮವಾರ ಹನ್ನೊಂದಕ್ಕೇ ಬಂದುಬಿಟ್ಟರು.

ಕೈಕಾಲು ತೊಳೆದು ಅಡುಗೆಮನೆಗೆ ಹೋದವರು ಅಲ್ಲಿಂದಲೇ ಕೂಗಿದರು. "ರೀ, ನನ್ನ ಗ್ರೈಂಡರ್ ಎಲ್ಲಿ? ಇದ್ಯಾವುದು ಡಬ್ಬ?"

"ಅದೇ, ಅದರೊಳಗೇ ಇದೆ. ಜಿರಲೆ ಬರುತ್ತೆ ಅಂತ ಪ್ಯಾಕ್ ಮಾಡಿದ್ದೆ."

"ಜಿರಲೆಗೆ ಡಬಲ್ ಡಬ್ಬನಾ? ಸರಿ, ತೆಗೀರಿ."

ಚಾಕು, ಕತ್ತರಿ ಹಿಡಿದು ಪರಮೇಶ್ವರಪ್ಪನವರು ಕೂತರು. ತಮ್ಮ ಕೆಲಸಕ್ಕೆ ತಾವೇ ಬೆವತರು. ಅರ್ಧ ಗಂಟೆಗೆ ಹೊರಡಬ್ಬ ಬಾಯಿ ಬಿಟ್ಟಿತು, ಇನ್ನೊಂದು ಕಾಲು ಗಂಟೆಗೆ ಒಳಡಬ್ಬ. ಫೋಮು ಸರಿಸಿದರೆ ಬಿಳಿಯ ಮೈ, ರಟ್ಟು ಹೊದ್ದ ಪುಟ್ಟ ಪರದೆ. ಗ್ರೈಂಡರ್ ಅಲ್ಲ, ಸುಮನಾಳ ಮಷಿನ್ನು.

ಮಹಾಂತಮ್ಮ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ನಂಗೆ ತಂದ್ರಾ?" ಅಂದರು.

ಮದುವೆಗೆ ಮೊದಲು ಮಹಾಂತಮ್ಮ ಕಸೂತಿ ಹಾಕುತ್ತಿದ್ದರು. ಹೆಣ್ಣು ನೋಡಲು ಹೋದಾಗ ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟಿದ್ದ ಗಿಳಿಗಳನ್ನು ಪರಮೇಶ್ವರಪ್ಪನವರೂ ನೋಡಿದ್ದರು. ಆಮೇಲೆ ಮನೆ, ಮಕ್ಕಳು, ಪಾಳಿಯ ಊಟದ ಡಬ್ಬಿಗಳ ನಡುವೆ ಆ ಸೂಜಿ ಎಲ್ಲಿ ಹೋಯಿತೋ ಇಬ್ಬರೂ ಕೇಳಿಕೊಂಡಿರಲಿಲ್ಲ. ಈಗ ಹೆಂಡತಿಯ ಮುಖ ನೋಡಿ ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ.

"ಹೂಂ" ಅಂದರು. ಅದು 'ಹೂಂ' ಅಲ್ಲ, ಗಂಟಲು ಸರಿಮಾಡಿಕೊಂಡ ಸದ್ದು ಎಂದು ಅವರು ಇವತ್ತಿಗೂ ವಾದಿಸುತ್ತಾರೆ.

"ಅಯ್ಯೋ ನನ್ನಪ್ಪಾ! ನಲವತ್ತು ವರ್ಷಕ್ಕೆ ನೆನಪಾಯ್ತಲ್ಲ!" ಮಹಾಂತಮ್ಮ ಸೆರಗು ಸಿಕ್ಕಿಸಿಕೊಂಡರು. "ಸ್ಪಂದನಾಗೆ ಹೇಳ್ತೀನಿ. ಬೀದಿಯವರನ್ನೆಲ್ಲ ಕರೆದು ತೋರಿಸ್ತೀನಿ. ಮೊದಲು ನಿಮ್ಮ ಟವೆಲ್ ತನ್ನಿ, ನಿಮ್ಮ ಹೆಸರೇ ಹಾಕ್ತೀನಿ. ಪರಮೇಶ್ವರಪ್ಪ... ಉದ್ದ ಆಯ್ತು. ದಾರ ಸಾಲ್ದೆ ಹೋದ್ರೆ ಪರಮೇಶಿ ಸಾಕು ಅಲ್ವಾ?"

"ಈಗ್ಲೇ ಬೇಡ, ಅದನ್ನ ಮುಟ್ಬೇಡ. ಸೂಜಿ ಬಿಚ್ಚಿದೆ."

"ಸೂಜಿ ಹಾಕಿದ್ರಾಯ್ತು. ಅದಿರ್ಲಿ, ಜಿರಲೆ ಕಾಟ ಅಂದ್ರಲ್ಲ, ಗ್ರೈಂಡರ್ ಎಲ್ಲಿ?"

ಪರಮೇಶ್ವರಪ್ಪನವರ ಫೋನು ಮೇಜಿನ ಮೇಲೆ ಮತ್ತೆ ಮತ್ತೆ ನಡುಗುತ್ತಿತ್ತು. ಕನ್ನಡಕವಿಲ್ಲದೆ ಯಾರದೆಂದು ಕಾಣದೆ, ಅವರು ಬೆಳಿಗ್ಗೆಯಿಂದ ಅದನ್ನು ಎತ್ತಿರಲಿಲ್ಲ. "ಗ್ರೈಂಡರಾ? ಸರ್ವಿಸಿಗೆ ಕೊಟ್ಟಿದೀನಿ."

"ಎಲ್ಲಿ?"

"ಶಿವಮೊಗ್ಗದಲ್ಲಿ."

"ಶಿವಮೊಗ್ಗನಾ?" ಮಹಾಂತಮ್ಮ ಕೆನ್ನೆಗೆ ಕೈಯಿಟ್ಟುಕೊಂಡರು. "ಪಾವಗಡ ಅಂದ್ಲಲ್ಲ ಸುಮನಾ?"

ಪರಮೇಶ್ವರಪ್ಪನವರು ಹೆಂಡತಿಯನ್ನು ನೋಡಿದರು. ಮಹಾಂತಮ್ಮ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ನಡೆದದ್ದು ಇಷ್ಟು. ಬೆಳಿಗ್ಗೆ ಎಂಟಕ್ಕೇ ಕರಿಯಮ್ಮ ಸುಮನಾಗೆ ಫೋನು ಮಾಡಿ, "ಅಕ್ಕಾ, ಮಷಿನ್ ಬಂದೈತೆ. ಒಂದ್ ಚೂರೂ ಏಟು ಬಿದ್ದಿಲ್ಲ. ಆದ್ರೆ ಇದ್ರಾಗೆ ದಾರ ಎಲ್ಲಿ ಪೋಣಿಸ್ಬೇಕು, ಹಿಟ್ಟು ಎಲ್ಲಿ ಹಾಕ್ಬೇಕು ಗೊತ್ತಾಗ್ತಿಲ್ಲ. ಜೊತೆಗೊಂದು ಕನ್ನಡಕನೂ ಕಳ್ಸಿದೀರಿ, ದಾರ ಪೋಣ್ಸೋಕೆ ಅಂತಾನಾ?" ಎಂದು ಕೇಳಿದ್ದಳು. ಸುಮನಾ ದೊಡ್ಡಪ್ಪನಿಗೆ ಹನ್ನೊಂದು ಸಲ ಫೋನು ಮಾಡಿ, ಕೊನೆಗೆ ಚನ್ನಗಿರಿ ದಾಟಿದ್ದ ಬಸ್ಸಿನಲ್ಲಿದ್ದ ದೊಡ್ಡಮ್ಮನನ್ನು ಫೋನಿನಲ್ಲಿ ಹಿಡಿದಿದ್ದಳು. ಜನ್ನಾಪುರ ಬರುವಷ್ಟರಲ್ಲಿ ಮಹಾಂತಮ್ಮ ಗಂಡನನ್ನು ಹೇಗೆ ಆಡಿಸಬೇಕು ಎಂಬುದನ್ನು ತೀರ್ಮಾನಿಸಿಯಾಗಿತ್ತು.

"ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಮೊದಲೇ ಕೇಳ್ಬಾರ್ದಿತ್ತಾ, ಗ್ರೈಂಡರ್ ತಗೊಂಡು ಹೋಗ್ಲಾ ಅಂತ?"

ಅವರು ಟೇಪಿನ ಸುರುಳಿ ಹುಡುಕತೊಡಗಿದರು. ಇನ್ನೊಮ್ಮೆ ಪಾರ್ಸೆಲ್ ಹಾಕಿ ಕಾಯುವಷ್ಟು ದಿನ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಹರಿದ ಡಬ್ಬಗಳನ್ನೇ ಟೇಪು ಸುತ್ತಿ ಸರಿಮಾಡಿ, ಮಷಿನ್ನನ್ನು ಪರಮೇಶ್ವರಪ್ಪನವರು ಮಡಿಲಲ್ಲೇ ಇಟ್ಟುಕೊಂಡರು. ಕಂಡಕ್ಟರು ಮೇಲೆ ಇಡುತ್ತೇನೆ ಅಂದರೂ ಬಿಡಲಿಲ್ಲ. "ಬಿಡಿ ಸ್ವಾಮಿ" ಅಂದರು ಮಹಾಂತಮ್ಮ, "ಮೊಮ್ಮಕ್ಕಳನ್ನೂ ಇಷ್ಟು ಹೊತ್ತು ಎತ್ಕೊಂಡಿರ್ಲಿಲ್ಲ. ಒಂದಿನ ಎತ್ಕೊಳ್ಳಿ."

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಚಳ್ಳಕೆರೆ ದಾಟಿದ ಮೇಲೆ ಬಯಲು ಶುರುವಾಯಿತು. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಪರಮೇಶ್ವರಪ್ಪನವರು ಮಡಿಲ ಡಬ್ಬವನ್ನು ಆಚೀಚೆ ಸರಿಸಿಕೊಂಡರು.

"ಕಾಲು ಜೋಮು ಹಿಡೀತಾ?" ಅಂದರು ಮಹಾಂತಮ್ಮ.

"ಇಲ್ಲ. ನಿನ್ನೆ ನೀನು ಕೇಳಿದ್ಯಲ್ಲ, ನಂಗೆ ತಂದ್ರಾ ಅಂತ. ತಮಾಷೆಗೆ ಕೇಳಿದ್ದಾ?"

ಮಹಾಂತಮ್ಮ ಕಿಟಕಿಯ ಕಡೆ ತಿರುಗಿದರು. "ಮೊದಲು ತಮಾಷೆಗೇ ಅಂದ್ಕೊಂಡಿದ್ದೆ. ನೀವು 'ಹೂಂ' ಅಂದ್ರಲ್ಲ, ಆಗ ಒಂದು ಗಳಿಗೆ, ಗೊತ್ತಿದ್ದೂ, ನಿಜಾನೇ ಇರ್ಬಹುದು ಅನ್ನಿಸ್ತು."

"ನಂಗೆ ಹೊಳೆದೇ ಇರ್ಲಿಲ್ಲ ಕಣೇ. ಸುಳ್ಳು ಯಾಕೆ ಹೇಳ್ಲಿ."

"ಗೊತ್ತು" ಅಂದರು ಮಹಾಂತಮ್ಮ. ಬೇಸರದಿಂದ ಹೇಳಿದ ಹಾಗಿರಲಿಲ್ಲ. ಡಬ್ಬದ ಒಂದು ಕಡೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಅರ್ಧ ಭಾರ ಆ ಕಡೆ ಹೋಯಿತು.

ಪಾವಗಡದಲ್ಲಿ ಕರಿಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸಂಘದ ಹೆಂಗಸರು ಬಸ್ ನಿಲ್ದಾಣಕ್ಕೇ ಬಂದಿದ್ದರು. ಗ್ರೈಂಡರ್ ಅಂಗಳದ ಕಟ್ಟೆಯ ಮೇಲೆ ತೊಳೆದು ಒರೆಸಿಕೊಂಡು ಕೂತಿತ್ತು. ಅದರ ಮೇಲೆ ಮಡಿಸಿದ ಕನ್ನಡಕ.

"ತಪ್ಪು ತಿಳ್ಕಾಬ್ಯಾಡಿ ಅಮ್ಮಾ" ಅಂದಳು ಕರಿಯಮ್ಮ. "ತಿರುಗ್ತದೋ ಇಲ್ಲೋ ನೋಡಾನ ಅಂತ ಒಂದ್ಸಲ ಉದ್ದು ಹಾಕಿದ್ವಿ. ಆಮ್ಯಾಕೆ ಇನ್ನೊಂದ್ಸಲ." ಆಮೇಲೆ ಎಷ್ಟು ಸಲವೋ ಅವಳು ಹೇಳಲಿಲ್ಲ. ಇಡ್ಲಿಯ ತಟ್ಟೆ ಮುಂದೆ ಬಂತು. ಮಹಾಂತಮ್ಮ ಒಂದು ತುತ್ತು ತಿಂದು, "ನನ್ನ ಕೈಗಿಂತ ನಿಮ್ಮ ಕೈಗೇ ಚೆನ್ನಾಗಿ ಅರೆಯುತ್ತೆ ಇದು" ಅಂದರು. ಅವರು ಅಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ಪರಮೇಶ್ವರಪ್ಪನವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವರು ಮಾತ್ರ ಕನ್ನಡಕ ಏರಿಸಿಕೊಂಡು ಗ್ರೈಂಡರಿನ ಮುಂದೆ ಕೂತು ಪರೀಕ್ಷೆ ಮಾಡುತ್ತಿದ್ದರು. ಬದಿಯಲ್ಲಿ ಗೇಣುದ್ದದ ಒಂದು ಗೀರು. ವೈರಿನ ಮೇಲೂ ಒಂದು ಕಚ್ಚು.

"ಇದು ದಾರೀಲಿ ಆಗಿದ್ದಲ್ಲ" ಅಂದರು ಗಾಬರಿಯಿಂದ. "ಆಗೋಕೆ ಸಾಧ್ಯಾನೇ ಇಲ್ಲ."

"ದಾರೀಲಲ್ಲ ಅಣ್ಣಾ" ಅಂದಳು ಕರಿಯಮ್ಮ. "ಅದು ನಮ್ಮನೆ ಕುಡುಗೋಲು. ಚಾಕು ಬಗ್ಗೋತು, ಕತ್ತರಿ ಮುರೀತು. ಕೊನಿಗೆ ನಮ್ಮನೆಯವರು ಕುಡುಗೋಲು ತಂದು ಕುಯ್ದ್ರು. ಒಂದೂವರೆ ತಾಸು ಆತು."

ಹೆಂಗಸರೆಲ್ಲ ನಕ್ಕರು. ಪರಮೇಶ್ವರಪ್ಪನವರು ನಗಲಿಲ್ಲ. ಆ ಗೀರಿನ ಮೇಲೆ ಬೆರಳಾಡಿಸುತ್ತ ಕೂತರು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತಾವು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುವುದನ್ನು ಅವರು ನೋಡಿರಲಿಲ್ಲ. ಲಾರಿ ಗೇಟು ದಾಟಿದರೆ ಅವರ ಕೆಲಸ ಮುಗಿಯುತ್ತಿತ್ತು. ಗ್ರೈಂಡರ್ ಬದಲು ಆ ಮಷಿನ್ನೇ ಬಂದಿದ್ದರೆ ಕುಡುಗೋಲು ಪರದೆಗೆ ತಾಗುತ್ತಿತ್ತಲ್ಲ ಎಂದುಕೊಂಡರು.

ಮಷಿನ್ನನ್ನು ಹೊರಗೆ ತೆಗೆದು, ಫೋನಿನಲ್ಲಿ ಸುಮನಾ ಹೇಳಿದ ಹಾಗೆ ತೋಳು, ಪಾದ, ಸೂಜಿ ಜೋಡಿಸಿದರು. ಬಟ್ಟೆಯನ್ನು ರಿಂಗಿಗೆ ಹಾಕುವಾಗ ಮೂರು ಸಲವೂ ಅದು ಸುಕ್ಕಾಯಿತು. ಮಹಾಂತಮ್ಮ, "ಕೊಡಿಲ್ಲಿ" ಎಂದು ಇಸಿದುಕೊಂಡು, ನಾಲ್ಕು ಕಡೆಯಿಂದ ಮೆಲ್ಲಗೆ ಎಳೆದು, ತಮಟೆಯಂತೆ ಬಿಗಿದು ಕೊಟ್ಟರು. ಸೂಜಿ ಟಕಟಕನೆ ಓಡಿತು. ಹತ್ತು ನಿಮಿಷದಲ್ಲಿ ಜೇಬಿನ ಬಟ್ಟೆಯ ಮೇಲೆ ಶಾಲೆಯ ದೀಪ, ಪುಸ್ತಕ ಮೂಡಿದವು. ಕರಿಯಮ್ಮ ಅದನ್ನು ಕತ್ತರಿಸಿ ಎದೆಗಿಟ್ಟುಕೊಂಡು ಕನ್ನಡಿಯ ಮುಂದೆ ಹೋಗಿ ನಿಂತಳು. ಮಹಾಂತಮ್ಮ ಆಗಲೇ ಎರಡನೆಯ ಬಟ್ಟೆಯನ್ನು ರಿಂಗಿಗೆ ಬಿಗಿಯುತ್ತಿದ್ದರು. ಬಸ್ಸು ಹೊರಡುವ ಹೊತ್ತಾಯಿತೆಂದು ಗಂಡ ಮೂರು ಸಲ ಕರೆಯಬೇಕಾಯಿತು.

ವಾಪಸ್ಸು ಬರುವಾಗ ಗ್ರೈಂಡರ್ ಬರೀ ಗೋಣಿಚೀಲದಲ್ಲಿತ್ತು.

"ಟೇಪಿನ ಕೆಳಗೆ ಒಂದು ಲಾಡಿ ಹಾಕಿ" ಅಂದರು ಮಹಾಂತಮ್ಮ, ಹೊಳಲ್ಕೆರೆಯ ಹತ್ತಿರ.

"ಏನು?"

"ಲಾಡಿ. ಲಂಗಕ್ಕೆ ಹಾಕ್ತೀವಲ್ಲ, ಅದು. ತುದಿ ಹೊರಗೆ ಬಿಟ್ಟು ಮೇಲೆ ಟೇಪು ಹಚ್ಚಿ. ತುದಿ ಹಿಡ್ದು ಎಳೆದ್ರೆ ಟೇಪು ಸೀಳಿಕೊಂಡು ಬರುತ್ತೆ. ಕುಡುಗೋಲು ಬೇಡ."

ಪರಮೇಶ್ವರಪ್ಪನವರು ಭದ್ರಾವತಿ ಬರುವವರೆಗೂ ಅದರಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ.

ಕರಿಯಮ್ಮ ಶುಕ್ರವಾರವೇ ಅರವತ್ತೂ ಅಂಗಿ ಮುಗಿಸಿ ಕೊಟ್ಟಳು. ಸುಮನಾಳ ಅಂಗಡಿಯಿಂದ ಆಮೇಲೆ ಹೋದ ಏಳು ಮಷಿನ್ನುಗಳು ಲಾಡಿ ಕಟ್ಟಿಕೊಂಡೇ ಹೋಗಿ, ಹೋದ ಹಾಗೆಯೇ ತಲುಪಿದವು. ಪರಮೇಶ್ವರಪ್ಪನವರು ಮರ್ಯಾದೆಗಾಗಿ ಅದಕ್ಕೆ 'ಎಳೆಪಟ್ಟಿ' ಎಂದು ಹೆಸರಿಟ್ಟು, ಚೀಟಿ ಬರೆದು ಅಂಟಿಸಿದ್ದಾರೆ. ಫೋನು ಮಾಡುವ ಗಿರಾಕಿಗಳು ಮಾತ್ರ, "ಸಾರ್, ಲಾಡಿ ಎಳೆದ್ವಿ, ಬಂತು" ಅನ್ನುತ್ತಾರೆ. ವಿಳಾಸದ ಚೀಟಿ ಅಂಟಿಸುವ ಅಧಿಕಾರ ಈಗ ಮಹಾಂತಮ್ಮನವರದು. ವಾರಕ್ಕೆ ಮೂರು ದಿನ ಅವರೂ ಗಂಡನ ಜೊತೆ ಶಿವಮೊಗ್ಗಕ್ಕೆ ಬರುತ್ತಾರೆ, ಕೊಳ್ಳಲು ಬಂದ ಹೆಂಗಸರಿಗೆ ರಿಂಗು ಬಿಗಿಯುವುದನ್ನು ತೋರಿಸಿಕೊಡುತ್ತಾರೆ, ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಮೂಲೆಯ ಮಷಿನ್ನಿನಲ್ಲಿ ಗಿಳಿಗಳನ್ನು ಹಾಕುತ್ತಾರೆ. ಮೊದಲನೆಯದರ ಕೊಕ್ಕು ಸೊಟ್ಟಗಾಯಿತು. ಅದನ್ನು ಯಾರಿಗೂ ತೋರಿಸಬಾರದೆಂದು ಅವರು ತಾಕೀತು ಮಾಡಿದ್ದರೂ ಪರಮೇಶ್ವರಪ್ಪನವರು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾರೆ.